ಮಳೆ ಹಿಡಿದಾಗ ಅಂಗಳದ ಲೈನು ಟ್ರಿಪ್ ಆದರೆ: ಕೈತೋಟದ ವಿದ್ಯುತ್ ದೋಷವನ್ನು ಹುಡುಕುವ ಕ್ರಮ

ಮಲೆನಾಡಿನಲ್ಲಿ ಜೂನ್ ತಿಂಗಳ ಮಳೆ ಹಿಡಿದು ಎರಡು ಮೂರು ದಿನ ಕಳೆಯುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ತೊಂದರೆ ಕಾಣಿಸಿಕೊಳ್ಳುತ್ತದೆ. ಸಂಜೆ ಗೇಟಿನ ದೀಪದ ಸ್ವಿಚ್ ಹಾಕಿದ ಕೂಡಲೇ ಇಡೀ ಮನೆ ಕತ್ತಲಾಗುತ್ತದೆ. ಡಿಬಿಯ, ಎಂದರೆ ಮನೆಯ ಲೈನುಗಳನ್ನು ಹಂಚುವ ಪೆಟ್ಟಿಗೆಯ, ಬಾಗಿಲು ತೆರೆದು ನೋಡಿದರೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿಯೇ ಲೈನು ಕಡಿಯುವ ಸ್ವಿಚ್) ಕೆಳಗೆ ಬಿದ್ದಿರುತ್ತದೆ. ಮೇಲೆತ್ತಿದರೆ ಕ್ಷಣವೂ ನಿಲ್ಲದೆ ಮತ್ತೆ ಬೀಳುತ್ತದೆ. ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿಯೂ ಕೆಲವು ವರ್ಷಗಳ ಹಿಂದೆ ಹೀಗೆಯೇ ಆಯಿತು. ಕರೆಸಿದ ಕೆಲಸಗಾರರು ಮೊದಲು ತೋಟದ ಎಂಸಿಬಿಯನ್ನು (ಕರೆಂಟು ಮಿತಿಮೀರಿದರೆ ಆ ಒಂದು ಲೈನನ್ನು ಕಡಿಯುವ ಸ್ವಿಚ್ಚನ್ನು) ಇಳಿಸಿ ನೋಡಿದರು. ಆಗಲೂ ಆರ್‌ಸಿಸಿಬಿ ಬಿದ್ದಿದ್ದರಿಂದ ದೋಷ ತೋಟದಲ್ಲಿಲ್ಲ, ಮನೆಯೊಳಗೇ ಇದೆ ಎಂದು ತೀರ್ಮಾನಿಸಿ ಅಡುಗೆಮನೆಯಿಂದ ಬಚ್ಚಲುಮನೆಯವರೆಗೆ ಹುಡುಕಿದರು. ಏನೂ ಸಿಗದಿದ್ದಾಗ ಆರ್‌ಸಿಸಿಬಿಯನ್ನು ಬದಿಗಿಟ್ಟು ತಂತಿಯನ್ನು ನೇರವಾಗಿ ಜೋಡಿಸಿ, ಮಳೆಗಾಲ ಮುಗಿದ ಮೇಲೆ ನೋಡೋಣವೆಂದು ಹೇಳಿ ಹೋದರು. ದೀಪವೇನೋ ಉರಿಯಿತು. ನಾಲ್ಕನೆಯ ದಿನ ಬೆಳಗಿನ ಜಾವ, ಗೇಟಿನ ದೀಪ ಇನ್ನೂ ಉರಿಯುತ್ತಿದ್ದಾಗಲೇ, ಪೂಜೆಗೆ ದಾಸವಾಳ ಕೊಯ್ಯಲು ಹೋದ ಅಮ್ಮ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ದೀಪದ ಕಬ್ಬಿಣದ ಕಂಬಕ್ಕೆ ಕೈ ತಾಗಿಸಿದರು. ಮೊಣಕೈವರೆಗೆ ಜುಮ್ಮೆಂದು ಕೈ ತಾನಾಗಿಯೇ ಹಿಂದೆ ಬಂದದ್ದು ನಮ್ಮ ಪುಣ್ಯ. ಆರ್‌ಸಿಸಿಬಿ ನಾಲ್ಕು ದಿನ ಮೊದಲೇ ತಿಳಿಸಿದ್ದು ಇದನ್ನೇ.

ಆ ದೋಷವನ್ನು ಆಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರೊಂದಿಗೆ ನಿಂತು ಹೆಜ್ಜೆ ಹೆಜ್ಜೆಯಾಗಿ ಹುಡುಕಿದ ಕ್ರಮವನ್ನೇ ಇಲ್ಲಿ ವಿವರಿಸಿದ್ದೇನೆ. ಗಮನಿಸುವುದು, ಪ್ಲಗ್ ಕೀಳುವುದು, ಎಂಸಿಬಿ ಇಳಿಸಿ ನೋಡುವುದು ಇವೆಲ್ಲ ಮನೆಯವರೇ ಮಾಡಬಹುದಾದ ಕೆಲಸಗಳು. ಡಿಬಿಯೊಳಗಿನ ತಂತಿ ಬಿಚ್ಚುವುದು ಮತ್ತು ಮೆಗ್ಗರ್ (ತಂತಿಯ ಇನ್ಸುಲೇಷನ್ ಸರಿಯಿದೆಯೇ ಎಂದು ಹೆಚ್ಚಿನ ವೋಲ್ಟಿನಿಂದ ಅಳೆಯುವ ಮೀಟರ್) ಹಾಕುವುದು ಬಲ್ಲವರ ಕೈಯಿಂದಲೇ ಆಗಬೇಕು.

ಮುಟ್ಟುವ ಮೊದಲು

ತೋಟದ ಯಾವುದೇ ಪೆಟ್ಟಿಗೆಯನ್ನು ತೆರೆಯುವ ಮುನ್ನ ಮೀಟರಿನ ಪಕ್ಕದ ಮೇನ್ ಸ್ವಿಚ್ ಇಳಿಸಬೇಕು. ಅಷ್ಟಕ್ಕೇ ಕರೆಂಟು ಹೋಯಿತೆಂದು ನಂಬಬಾರದು. ಈಗ ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಇನ್ವರ್ಟರ್ ಇದೆ, ಗೇಟಿನ ದೀಪವನ್ನು ಅದರ ಲೈನಿಗೇ ಕೊಟ್ಟಿರುವುದೂ ಸಾಮಾನ್ಯ; ಮೇನ್ ಇಳಿಸಿದ ಮರುಕ್ಷಣವೇ ಇನ್ವರ್ಟರ್ ಆ ಲೈನಿಗೆ 230 ವೋಲ್ಟ್ ಹರಿಸತೊಡಗುತ್ತದೆ. ಆದ್ದರಿಂದ ಇನ್ವರ್ಟರನ್ನೂ ಆರಿಸಿ, ಅದರ ಔಟ್‌ಪುಟ್ ಪ್ಲಗ್ಗನ್ನು ಕಿತ್ತು, ಮಲ್ಟಿಮೀಟರಿನಿಂದ ಫೇಸ್–ನ್ಯೂಟ್ರಲ್, ಫೇಸ್–ಅರ್ಥಿಂಗ್, ನ್ಯೂಟ್ರಲ್–ಅರ್ಥಿಂಗ್ ಮೂರನ್ನೂ ಅಳೆದು ನೋಡಿಯೇ ಕೈ ಹಾಕಬೇಕು. ಜೇಬಿನಲ್ಲಿ ಸಿಕ್ಕಿಸಿಕೊಳ್ಳುವ ನಿಯಾನ್ ಟೆಸ್ಟರನ್ನು ಈ ಕೆಲಸಕ್ಕೆ ನೆಚ್ಚಬೇಡಿ. ಹಗಲು ಬೆಳಕಿನಲ್ಲಿ ಅದರ ಮಿಣುಕು ಕಾಣುವುದಿಲ್ಲ, ನ್ಯೂಟ್ರಲ್ ಕಡಿದಿದ್ದರೆ ತಪ್ಪು ತಂತಿಯಲ್ಲಿ ಉರಿಯುತ್ತದೆ. ಮಳೆ ಸುರಿಯುತ್ತಿರುವಾಗ ಯಾವ ಪೆಟ್ಟಿಗೆಯನ್ನೂ ತೆರೆಯಬಾರದು. ಒಂದು ರಾತ್ರಿ ತೋಟ ಕತ್ತಲಲ್ಲಿದ್ದರೆ ನಷ್ಟವೇನೂ ಇಲ್ಲ.

ಆರ್‌ಸಿಸಿಬಿ ಏನನ್ನು ನೋಡುತ್ತದೆ

ಫೇಸಿನಲ್ಲಿ ಹೋದ ಕರೆಂಟು ಪೂರ್ತಿಯಾಗಿ ನ್ಯೂಟ್ರಲಿನಲ್ಲಿ ಹಿಂತಿರುಗಿತೇ ಎಂಬುದೊಂದನ್ನೇ ಆರ್‌ಸಿಸಿಬಿ ನೋಡುತ್ತದೆ. ಎರಡೂ ತಂತಿಗಳು ಅದರೊಳಗಿನ ಒಂದು ಬಳೆಯಾಕಾರದ ಟ್ರಾನ್ಸ್‌ಫಾರ್ಮರಿನ ಮೂಲಕ ಹಾದುಹೋಗುತ್ತವೆ. ಹೋದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಕಂಡರೆ ಅದು ಬೇರೆ ಯಾವುದೋ ದಾರಿಯಲ್ಲಿ, ಎಂದರೆ ನೆಲಕ್ಕೋ ಮನುಷ್ಯರ ಮೈಗೋ ಸೋರಿದೆ ಎಂದರ್ಥ. ಮನೆಗಳಲ್ಲಿ ಜೀವರಕ್ಷಣೆಗೆ ಹಾಕುವುದು 30 ಮಿಲಿ ಆಂಪಿಯರಿನದು. ಅದು 15ರೊಳಗೆ ಬೀಳಬಾರದು, 30ಕ್ಕೆ ಬೀಳಲೇಬೇಕು. ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 100 ಅಥವಾ 300 ಮಿಲಿ ಆಂಪಿಯರಿನ ಆರ್‌ಸಿಸಿಬಿಗಳು ಬೆಂಕಿ ತಡೆಯುವುದಕ್ಕೆ ಮಾತ್ರ ಆಗುತ್ತವೆ. ಸುಮಾರು 10 ಮಿಲಿ ಆಂಪಿಯರಿಗೇ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಬರತೊಡಗುತ್ತದೆಂಬುದನ್ನು ನೆನೆದರೆ ತೋಟಕ್ಕೆ 100ರದ್ದನ್ನು ಹಾಕಿಸಿ ‘ಈಗ ಬೀಳುವುದಿಲ್ಲ’ ಎಂದು ಸಮಾಧಾನಪಡುವುದು ಎಷ್ಟು ಅಪಾಯವೆಂದು ತಿಳಿಯುತ್ತದೆ.

ಲಕ್ಷಣಗಳು ಹೇಳುವುದು

ಬಿದ್ದದ್ದು ಎಂಸಿಬಿಯೋ ಆರ್‌ಸಿಸಿಬಿಯೋ ಎಂಬುದನ್ನು ಮೊದಲು ನೋಡಿ. ಎಂಸಿಬಿ ಬಿದ್ದಿದ್ದರೆ ಫೇಸ್ ಮತ್ತು ನ್ಯೂಟ್ರಲ್ ಒಂದಕ್ಕೊಂದು ತಾಗಿರಬೇಕು ಇಲ್ಲವೇ ಲೋಡು ಹೆಚ್ಚಾಗಿರಬೇಕು. ಗುದ್ದಲಿ ಅಥವಾ ಹಾರೆಯ ಏಟು, ಹೆಗ್ಗಣ ಕಡಿದ ಕೇಬಲ್, ಸಿಕ್ಕಿಕೊಂಡ ಪಂಪು ಇವು ಅದರ ಸಾಮಾನ್ಯ ಕಾರಣಗಳು. ಆರ್‌ಸಿಸಿಬಿ ಬಿದ್ದಿದ್ದರೆ ಸೋರಿಕೆ.

ಸೋರಿಕೆಯ ಸಮಯವೇ ಒಂದು ಸುಳಿವು. ಮಳೆ ಬಿದ್ದ ಕೂಡಲೇ ಟ್ರಿಪ್ ಆದರೆ ನೀರು ನೇರವಾಗಿ ಬೀಳುವ ಜಾಗವನ್ನು, ಅಂದರೆ ಮುಚ್ಚಳ ಸಡಿಲಾದ ಹೊರಗಿನ ಸಾಕೆಟ್ಟನ್ನೋ ಗಾಜು ಒಡೆದ ದೀಪವನ್ನೋ ಮೊದಲು ನೋಡಬೇಕು. ಮಳೆ ನಿಂತು ನಾಲ್ಕಾರು ಗಂಟೆಗಳ ನಂತರ ಟ್ರಿಪ್ ಆಗತೊಡಗಿದರೆ ನೀರು ಮೆಲ್ಲನೆ ಇಳಿದು ಸೇರುವ ಜಂಕ್ಷನ್ ಬಾಕ್ಸನ್ನೋ ಮಣ್ಣಿನಡಿಯ ಜೋಡಣೆಯನ್ನೋ ಸಂಶಯಿಸಬೇಕು. ಎರಡು ದಿನ ಬಿಸಿಲು ಬಂದರೆ ಸರಿಹೋಗುವ ದೋಷ ಸಾಮಾನ್ಯವಾಗಿ ನೆಲದ ಮೇಲಿರುತ್ತದೆ. ಮಳೆಗಾಲ ಕಳೆದು ದೀಪಾವಳಿ ಬಂದರೂ ಆರದಿದ್ದರೆ ನೆಲದೊಳಗಿರುತ್ತದೆ. ಹೀಗಾಗಿ ಟ್ರಿಪ್ ಆದ ಹೊತ್ತು, ಆಗ ಮಳೆ ಹೇಗಿತ್ತು, ಮನೆಯಲ್ಲಿ ಏನೇನು ಚಾಲೂ ಇತ್ತು ಎಂಬುದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟರೆ ಎಲೆಕ್ಟ್ರಿಷಿಯನ್ನರ ಅರ್ಧ ದಿನ ಉಳಿಯುತ್ತದೆ.

ತೋಟದ ದೀಪದ ಸ್ವಿಚ್ ಹಾಕಿದಾಗ ಮಾತ್ರ ಬೀಳುತ್ತದೆಯಾದರೆ ಸ್ವಿಚ್ಚಿನಿಂದ ಆಚೆಗಿನ ಫೇಸ್ ತಂತಿ ನೆಲಕ್ಕೆ ಸೋರುತ್ತಿದೆ. ಈ ದೋಷವನ್ನು ಹುಡುಕುವುದು ಸುಲಭ. ಸ್ವಿಚ್ ಆರಿಸಿದರೂ, ತೋಟದ ಎಂಸಿಬಿ ಇಳಿಸಿದರೂ ಬೀಳುತ್ತದೆಯಾದರೆ ಹೆಚ್ಚಿನವರು ದಾರಿ ತಪ್ಪುವುದು ಅಲ್ಲೇ.

ನ್ಯೂಟ್ರಲನ್ನು ಮರೆಯುವುದರಿಂದ ಆಗುವ ತಪ್ಪು

ನಮ್ಮ ಮನೆಗಳ ಡಿಬಿಯಲ್ಲಿ ಒಂದೊಂದು ಲೈನಿಗೆ ಹಾಕುವ ಎಂಸಿಬಿ ಸಾಮಾನ್ಯವಾಗಿ ಸಿಂಗಲ್ ಪೋಲಿನದು. ಅದು ಫೇಸನ್ನು ಮಾತ್ರ ಕಡಿಯುತ್ತದೆ. ಎಲ್ಲ ಲೈನುಗಳ ನ್ಯೂಟ್ರಲುಗಳು ಡಿಬಿಯ ತಳದ ಹಿತ್ತಾಳೆಯ ನ್ಯೂಟ್ರಲ್ ಲಿಂಕಿನಲ್ಲಿ ಒಟ್ಟಿಗೆ ಕೂಡಿಕೊಂಡೇ ಇರುತ್ತವೆ. ತೋಟದ ಎಂಸಿಬಿ ಇಳಿಸಿದರೂ ತೋಟದ ನ್ಯೂಟ್ರಲ್ ತಂತಿ ಮನೆಯ ನ್ಯೂಟ್ರಲಿಗೆ ಅಂಟಿಕೊಂಡೇ ಇದೆ. ತೋಟದ ಯಾವುದೋ ಬಾಕ್ಸಿನಲ್ಲಿ ಆ ನ್ಯೂಟ್ರಲ್ ಅರ್ಥಿಂಗ್ ತಂತಿಗೋ ಒದ್ದೆ ಮಣ್ಣಿಗೋ ತಾಗಿದೆಯೆನ್ನಿ. ಅಡುಗೆಮನೆಯಲ್ಲಿ ಮಿಕ್ಸರ್ ತಿರುಗಿದಾಗ ಅದರ ಕರೆಂಟು ಆರ್‌ಸಿಸಿಬಿಯ ಫೇಸಿನಿಂದ ಹೊರಟು, ಹಿಂದಿರುಗುವಾಗ ಎರಡು ದಾರಿಗಳನ್ನು ಕಾಣುತ್ತದೆ: ಬಹುಪಾಲು ಆರ್‌ಸಿಸಿಬಿಯ ನ್ಯೂಟ್ರಲಿನ ಮೂಲಕ ಹೋಗುತ್ತದೆ, ಸ್ವಲ್ಪ ಭಾಗ ತೋಟದ ನ್ಯೂಟ್ರಲ್ ಹಿಡಿದು ಗೇಟಿನವರೆಗೆ ಹೋಗಿ ನೆಲಕ್ಕಿಳಿಯುತ್ತದೆ. ಆ ಸ್ವಲ್ಪವೇ 30 ಮಿಲಿ ಆಂಪಿಯರಾದರೆ ಆರ್‌ಸಿಸಿಬಿ ಬೀಳುತ್ತದೆ. ನೋಡುವವರಿಗೆ ಮಿಕ್ಸರೇ ಕೆಟ್ಟಂತೆ ಕಾಣುತ್ತದೆ, ಗೀಸರ್ ಹಾಕಿದರೆ ಗೀಸರೇ ಕೆಟ್ಟಂತೆ ಕಾಣುತ್ತದೆ. ಲೋಡು ದೊಡ್ಡದಾದಷ್ಟೂ ಬೇಗ ಬೀಳುತ್ತದೆ. ಸರಿಯಾಗಿರುವ ಮಿಕ್ಸರನ್ನು ರಿಪೇರಿಗೆ ಒಯ್ದ ಮನೆಗಳನ್ನು ನಾನು ಬಲ್ಲೆ.

ಪರೀಕ್ಷೆ ಸರಳವಾಗಿದೆ. ಮೇನ್ ಮತ್ತು ಇನ್ವರ್ಟರ್ ಆರಿಸಿ, ತೋಟದ ಲೈನಿನ ನ್ಯೂಟ್ರಲನ್ನು ಲಿಂಕಿನಿಂದ ಬಿಚ್ಚಿ, ತುದಿಗೆ ಕನೆಕ್ಟರ್ ಹಾಕಿ ಬದಿಗಿಟ್ಟು, ತೋಟದ ಎಂಸಿಬಿಯನ್ನೂ ಇಳಿಸಿಯೇ ಮೇನ್ ಹಾಕಬೇಕು. ಈಗ ಆರ್‌ಸಿಸಿಬಿ ನಿಂತು, ಮಿಕ್ಸರ್ ಗೀಸರ್ ಎರಡನ್ನೂ ತಾಳಿಕೊಂಡರೆ ದೋಷ ತೋಟದಲ್ಲಿಯೇ ಇದೆ. ನಮ್ಮಲ್ಲಿ ಆದದ್ದು ಹೀಗೆಯೇ. ಮೊದಲು ಬಂದವರು ಬಿಚ್ಚದೆ ಬಿಟ್ಟದ್ದು ಆ ಒಂದು ತಂತಿಯನ್ನು.

ಇದರ ಹತ್ತಿರದ ಇನ್ನೊಂದು ತಪ್ಪು ನ್ಯೂಟ್ರಲನ್ನು ಎರವಲು ಪಡೆಯುವುದು. ತೋಟಕ್ಕೆ ಹೊಸ ದೀಪ ಹಾಕುವಾಗ ಫೇಸನ್ನು ಜಗಲಿಯ ಸ್ವಿಚ್ಚಿನಿಂದಲೂ ನ್ಯೂಟ್ರಲನ್ನು ಹತ್ತಿರವೇ ಸಿಗುತ್ತದೆಂದು ಪಂಪಿನ ಲೈನಿನಿಂದಲೂ ತೆಗೆದಿರುತ್ತಾರೆ. ಎರಡೂ ಒಂದೇ ಆರ್‌ಸಿಸಿಬಿಯ ಕೆಳಗಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬೇರೆ ಬೇರೆ ಆರ್‌ಸಿಸಿಬಿಗಳ ಕೆಳಗಿದ್ದರೆ ಮಳೆ ಇರಲಿ ಬಿಸಿಲಿರಲಿ, ದೀಪ ಹಾಕಿದ ತಕ್ಷಣ ಬೀಳುತ್ತದೆ. ಹವಾಮಾನಕ್ಕೆ ಸಂಬಂಧವೇ ಇಲ್ಲದೆ ಬೀಳುವುದೇ ಅದರ ಗುರುತು.

ಅರ್ಧ ಅರ್ಧ ಮಾಡಿ ಹುಡುಕುವುದು

ದೋಷ ತೋಟದಲ್ಲಿದೆಯೆಂದು ಖಚಿತವಾದ ಮೇಲೆ ಕಂಬದಿಂದ ಕಂಬಕ್ಕೆ ಸುಮ್ಮನೆ ಅಲೆಯುವ ಬದಲು ಲೈನನ್ನು ನಡುವಿನಲ್ಲಿ ಬಿಡಿಸಬೇಕು. ನಮ್ಮ ಲೈನು ಜಗಲಿಯಿಂದ ಬಾವಿಕಟ್ಟೆಯ ಬಳಿಯ ಬಾಕ್ಸಿಗೆ, ಅಲ್ಲಿಂದ ಗೇಟಿನ ಕಂಬಕ್ಕೆ, ಹೀಗೆ ಸುಮಾರು 60 ಮೀಟರ್ ಹೋಗುತ್ತದೆ. ಬಾವಿಕಟ್ಟೆಯ ಬಾಕ್ಸಿನಲ್ಲಿ ಮೂರೂ ತಂತಿಗಳನ್ನು ಬಿಡಿಸಿ, ಮನೆಯ ಕಡೆಗೊಮ್ಮೆ ಗೇಟಿನ ಕಡೆಗೊಮ್ಮೆ 500 ವೋಲ್ಟಿನ ಮೆಗ್ಗರ್ ಹಾಕಿದೆವು. ಮಾಮೂಲಿ ಮಲ್ಟಿಮೀಟರ್ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ಅಳೆಯುವುದರಿಂದ ಒದ್ದೆ ಜೋಡಣೆಯೂ ಅದಕ್ಕೆ ಸರಿಯಾಗಿಯೇ ಕಾಣಬಹುದು; ಮೆಗ್ಗರ್ ಬೇಕಾಗುವುದು ಅದಕ್ಕಾಗಿಯೇ.

ಮೆಗ್ಗರ್ ಹಾಕುವ ಮುನ್ನ ಎಲ್‌ಇಡಿ ದೀಪಗಳು, ಟೈಮರ್, ಸೆನ್ಸರ್ ಎಲ್ಲವನ್ನೂ ಲೈನಿನಿಂದ ಬಿಡಿಸಬೇಕು. ಬಿಡಿಸಲಾಗದಿದ್ದರೆ ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಸುತ್ತಿ, ಆ ಜೋಡಿಗೂ ಅರ್ಥಿಂಗ್ ತಂತಿಗೂ ನಡುವೆ ಮಾತ್ರ ಅಳೆಯಬೇಕು. ಆಗ 500 ವೋಲ್ಟ್ ದೀಪದ ಡ್ರೈವರಿನೊಳಗೆ (ಎಲ್‌ಇಡಿಗೆ ಕರೆಂಟನ್ನು ಹೊಂದಿಸಿ ಕೊಡುವ ಭಾಗದೊಳಗೆ) ಹಾಯ್ದು ಅದನ್ನು ಸುಡುವುದಿಲ್ಲ. ವೈರಿಂಗಿನ ತಂತಿಗೂ ಅರ್ಥಿಂಗಿಗೂ ನಡುವಿನ ತಡೆ ಕನಿಷ್ಠ 1 ಮೆಗಾಓಮ್ (ಹತ್ತು ಲಕ್ಷ ಓಮ್) ಇರಬೇಕೆಂಬುದು ರೂಢಿಯ ಮಿತಿ; ಒಳ್ಳೆಯ ಕೇಬಲಿನಲ್ಲಿ ಇದು ನೂರರ ಮೇಲೆಯೇ ಇರುತ್ತದೆ. 1 ಮೆಗಾಓಮಿನಲ್ಲಿ 230 ವೋಲ್ಟಿಗೆ ಸೋರುವುದು ಕಾಲು ಮಿಲಿ ಆಂಪಿಯರಿಗಿಂತ ಕಡಿಮೆ. ಒಂದೇ ಜಾಗದಿಂದ 30 ಮಿಲಿ ಆಂಪಿಯರ್ ಸೋರಬೇಕಾದರೆ ಅಲ್ಲಿನ ತಡೆ ಸುಮಾರು 7,700 ಓಮಿಗೆ ಇಳಿದಿರಬೇಕು. ಒಂದೇ ಜಾಗವೇ ಆಗಬೇಕೆಂದೂ ಇಲ್ಲ. ಐದು ದೀಪಗಳು ತಲಾ ಮೂರು ಮೂರು ಮಿಲಿ ಆಂಪಿಯರ್ ಸೋರಿದರೆ 15 ಆಗುತ್ತದೆ, ಮನೆಯ ಕಂಪ್ಯೂಟರ್ ಮುಂತಾದವುಗಳ ಸಹಜ ಸೋರಿಕೆಯೂ ಅದಕ್ಕೆ ಸೇರಿ ಒಂದು ದಿನ ಬೀಳುತ್ತದೆ. ಯಾವ ದೀಪವನ್ನು ತೆಗೆದರೂ ಸರಿಹೋದಂತೆ ಕಂಡು ಮರುದಿನ ಮತ್ತೆ ಬೀಳುವ ಲೈನಿನಲ್ಲಿ ನಡೆಯುವುದು ಇದೇ.

ಬಾವಿಕಟ್ಟೆಯಿಂದ ಮನೆಯ ಕಡೆಗೆ 100ಕ್ಕಿಂತ ಹೆಚ್ಚು ಮೆಗಾಓಮ್ ತೋರಿಸಿತು. ಗೇಟಿನ ಕಡೆಗೆ ಸೊನ್ನೆ. ದೀಪವನ್ನು ಕಳಚಿ ಎರಡೂ ತಂತಿಗಳನ್ನು ಬೇರೆ ಬೇರೆಯಾಗಿ ಅಳೆದಾಗ ನ್ಯೂಟ್ರಲಿಗೂ ಅರ್ಥಿಂಗಿಗೂ ಸೊನ್ನೆಯೇ ಬಂತು, ಫೇಸಿಗೂ ಅರ್ಥಿಂಗಿಗೂ ಸುಮಾರು 5,000 ಓಮ್ ಬಂತು. ಒಂದೇ ಜಾಗದಲ್ಲಿ ಎರಡು ದೋಷಗಳು. ದೀಪ ಹಾಕಿದಾಗಲೂ ಬೀಳುತ್ತಿತ್ತು, ಹಾಕದಿದ್ದಾಗಲೂ ಬೀಳುತ್ತಿತ್ತು ಎಂಬ ಗೊಂದಲಕ್ಕೆ ಉತ್ತರ ಅಲ್ಲಿತ್ತು.

ಬಾಕ್ಸಿನೊಳಗೆ ಕಂಡದ್ದು

ಕಂಬದ ಬುಡದಲ್ಲಿ, ಮಲ್ಲಿಗೆ ಬಳ್ಳಿಯ ಮರೆಯಲ್ಲಿ, ನೆಲಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿ ಒಂದು ತಗಡಿನ ಬಾಕ್ಸನ್ನು ಕಂಬಕ್ಕೇ ಬೋಲ್ಟ್ ಮಾಡಿದ್ದರು. ಮುಚ್ಚಳ ತೆಗೆದರೆ ಅರ್ಧದವರೆಗೆ ಕೆಂಪು ನೀರು, ಅದರ ಮೇಲೆ ತೇಲುವ ಬಿಳಿ ಇರುವೆಮೊಟ್ಟೆಗಳು. ಕೇಬಲ್ ಬಾಕ್ಸಿನ ಮೇಲ್ಭಾಗದಿಂದ ಒಳಕ್ಕೆ ಇಳಿದಿತ್ತು. ಕಂಬದ ಮೇಲಿಂದ ಹರಿದ ನೀರು ಕೇಬಲನ್ನೇ ಹಿಡಿದು ಒಳಗೆ ಬಂದಿತ್ತು. ಒಳಗಿನ ಮೂರು ಜೋಡಣೆಗಳೂ ತಂತಿ ತಿರುಚಿ ಇನ್ಸುಲೇಷನ್ ಟೇಪು ಸುತ್ತಿದವು. ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಂಡು ತಾಮ್ರ ಹಸಿರುಗಟ್ಟಿತ್ತು, ನ್ಯೂಟ್ರಲಿನ ತುದಿ ಅರ್ಥಿಂಗಿನ ತುದಿಗೆ ಒರಗಿ ನಿಂತಿತ್ತು. ಕಂಬಕ್ಕೆ ಅರ್ಥಿಂಗ್ ಕೊಟ್ಟಿದ್ದ ತಂತಿ ಬೋಲ್ಟಿನ ಬಳಿ ತುಕ್ಕು ತಿಂದು ತುಂಡಾಗಿತ್ತು. ಫೇಸಿನ ಕರೆಂಟು ನೀರಿನ ಮೂಲಕ ತಗಡಿಗೂ, ತಗಡಿನಿಂದ ಕಂಬಕ್ಕೂ ಬಂದು, ನೆಲಕ್ಕೆ ಒಳ್ಳೆಯ ದಾರಿಯಿಲ್ಲದೆ ಅಲ್ಲೇ ಕಾದಿತ್ತು. ಅಮ್ಮನ ಕೈ ಆ ದಾರಿಯಾಯಿತು.

ಶಾಕ್ ಹೊಡೆಯುತ್ತದೆ, ಆದರೆ ಏನೂ ಬೀಳುವುದಿಲ್ಲ ಎಂದಾದರೆ

ಇದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಆರ್‌ಸಿಸಿಬಿ ಇಲ್ಲ, ಇದ್ದರೂ ಜಡ್ಡುಗಟ್ಟಿದೆ, ಇಲ್ಲವೇ ಯಾರೋ ಅದನ್ನು ಬದಿಗಿಟ್ಟಿದ್ದಾರೆ ಎಂದು ತಿಳಿದು ಆ ಲೈನನ್ನು ಕೂಡಲೇ ಆರಿಸಬೇಕು. ಅರ್ಥಿಂಗ್ ಇದೆ, ಎಂಸಿಬಿ ಇದೆ, ಇನ್ನೇನು ಬೇಕು ಎನ್ನುವವರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. ಅರ್ಥಿಂಗ್ ಗುಂಡಿಯ ತಡೆ 20 ಓಮ್ ಇದ್ದರೆ, ಫೇಸ್ ಪೂರ್ತಿಯಾಗಿ ಕಂಬಕ್ಕೆ ತಾಗಿದರೂ ಹರಿಯುವುದು 230ನ್ನು 20ರಿಂದ ಭಾಗಿಸಿದಷ್ಟು, ಎಂದರೆ ಹನ್ನೊಂದೂವರೆ ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿಗೆ ಅದು ದಿನನಿತ್ಯದ ಲೋಡು. ಕಂಬ ಇಡೀ ರಾತ್ರಿ ಕರೆಂಟು ಹೊತ್ತು ನಿಂತಿರುತ್ತದೆ. ಗುಂಡಿ ಚೆನ್ನಾಗಿದ್ದು 5 ಓಮಿಗೆ ಬಂದರೂ ಹರಿಯುವುದು 46 ಆಂಪಿಯರ್. ಸಿ ಮಾದರಿಯ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳಬೇಕಾದರೆ 80ರಿಂದ 160 ಆಂಪಿಯರ್ ಬೇಕು. ಅದೇ ಜಾಗದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ.

ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ಒತ್ತಿದಾಗ ಬೀಳದಿದ್ದರೆ ಬದಲಾಯಿಸಬೇಕು. ಆದರೆ ಆ ಗುಂಡಿ ಸಾಧನದೊಳಗೇ ಒಂದು ಕೃತಕ ಸೋರಿಕೆಯನ್ನು ಉಂಟುಮಾಡುವುದರಿಂದ ಅರ್ಥಿಂಗ್ ಪೂರ್ತಿ ಕಡಿದಿದ್ದರೂ ಅದು ಬೀಳುತ್ತದೆ. ಅರ್ಥಿಂಗಿನ ಆರೋಗ್ಯವನ್ನು ಅದು ಹೇಳಲಾರದು. ಕಂಬದಿಂದ ಡಿಬಿಯ ಅರ್ಥಿಂಗ್ ಲಿಂಕಿನವರೆಗಿನ ತಂತಿಯ ತಡೆಯನ್ನು ಬೇರೆಯಾಗಿ ಅಳೆಯಬೇಕು, ಅದು 1 ಓಮಿನ ಆಸುಪಾಸಿನಲ್ಲಿರಬೇಕು.

ಸಣ್ಣಪುಟ್ಟ ದೋಷಗಳು

ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ದೀಪ ಮಂಕಾಗಿ ಉರಿಯುತ್ತಿದ್ದರೆ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿನಲ್ಲಿ ಹಾಕಿರುವ ಸಂಭವವಿದೆ. ಹಾಗಿದ್ದರೆ ಆರಿದ ದೀಪದಲ್ಲಿಯೂ ಕರೆಂಟು ಇರುವುದರಿಂದ ಕೂಡಲೇ ಸರಿಪಡಿಸಬೇಕು. ಫೇಸಿನಲ್ಲೇ ಇದ್ದರೆ ಉದ್ದದ ಕೇಬಲಿನಲ್ಲಿ ಪಕ್ಕದ ತಂತಿಯಿಂದ ಪ್ರೇರಿತವಾದ ಅತ್ಯಲ್ಪ ಕರೆಂಟು ಕಾರಣವಿರಬಹುದು, ಅದು ಅಪಾಯವಲ್ಲ. ಮುಸ್ಸಂಜೆಯಲ್ಲಿ ದೀಪ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿದ್ದರೆ ದೀಪದ ಬೆಳಕು ಅದರದೇ ಸೆನ್ಸರಿನ ಮೇಲೆ ಬೀಳುತ್ತಿದೆ, ಸೆನ್ಸರನ್ನು ತಿರುಗಿಸಿದರೆ ಸಾಕು. ತೋಟದ ಕೊನೆಯ ಪಂಪು ಗುಂಯ್‌ಗುಡುತ್ತ ತಿರುಗದಿದ್ದರೆ ಕೆಪಾಸಿಟರನ್ನೂ ಕೇಬಲಿನ ದಪ್ಪವನ್ನೂ ನೋಡಬೇಕು: 1.5 ಚದರ ಮಿಲಿಮೀಟರಿನ ತಂತಿಯಲ್ಲಿ 60 ಮೀಟರ್ ದೂರಕ್ಕೆ ಹೋಗಿಬರುವ ತಡೆ ಸುಮಾರು ಒಂದೂವರೆ ಓಮ್. ಮೋಟಾರ್ ಹೊರಡುವಾಗ 35 ಆಂಪಿಯರ್ ಎಳೆದರೆ 50 ವೋಲ್ಟ್ ದಾರಿಯಲ್ಲೇ ಹೋಗುತ್ತದೆ.

ಮತ್ತೆ ಜೋಡಿಸುವಾಗ

ಟೇಪು ಬದಲಾಯಿಸಿ ಮುಚ್ಚಳ ಹಾಕಿದರೆ ಮುಂದಿನ ಜೂನಿನಲ್ಲಿ ಅದೇ ಕಥೆ. ನಾವು ತಗಡಿನ ಬಾಕ್ಸನ್ನು ತೆಗೆದು ಐಪಿ 65 ದರ್ಜೆಯ (ಧೂಳನ್ನೂ ಸಿಡಿದ ನೀರನ್ನೂ ಒಳಬಿಡದ) ಪ್ಲಾಸ್ಟಿಕ್ ಬಾಕ್ಸನ್ನು ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಹಾಕಿಸಿದೆವು. ಕೇಬಲುಗಳು ಕೆಳಗಿನಿಂದ, ಕೇಬಲನ್ನು ಬಿಗಿಯಾಗಿ ಹಿಡಿದು ನೀರು ತಡೆಯುವ ಗ್ಲ್ಯಾಂಡಿನ ಮೂಲಕವೇ ಒಳಹೋಗುತ್ತವೆ, ಒಳಹೋಗುವ ಮುನ್ನ ಸ್ವಲ್ಪ ಕೆಳಕ್ಕೆ ಬಾಗಿ ಮೇಲೇರುತ್ತವೆ, ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಜೋಡಣೆಗಳಿಗೆ ಸ್ಕ್ರೂ ಕನೆಕ್ಟರ್ ಹಾಕಿದೆವು. ಮಣ್ಣಿನಡಿಯಲ್ಲಿ ಜೋಡಣೆಯನ್ನೇ ಇಡಲಿಲ್ಲ. ಇಡಲೇಬೇಕಾದಲ್ಲಿ ರೆಸಿನ್ ಸುರಿಯುವ ಕಿಟ್ ಬಳಸಬೇಕು. ಬಾವಿಕಟ್ಟೆಯಿಂದ ಗೇಟಿನವರೆಗೆ ಹಳೆಯ ಕೇಬಲಿನ ಬದಲು ಆರ್ಮರ್ಡ್ ಕೇಬಲನ್ನು ಎರಡೂವರೆ ಅಡಿ ಆಳದಲ್ಲಿ ಮರಳಿನ ಹಾಸಿನ ಮೇಲೆ ಹಾಕಿ, ಮೇಲೆ ಇಟ್ಟಿಗೆ ಸಾಲು ಮುಚ್ಚಿ, ಅದರ ಉಕ್ಕಿನ ಕವಚಕ್ಕೂ ಅರ್ಥಿಂಗ್ ಕೊಟ್ಟೆವು. ಅಡಿಕೆ ಸಸಿಗೆ ಗುಂಡಿ ತೋಡುವವರ ಹಾರೆ ಮೊದಲು ಇಟ್ಟಿಗೆಗೆ ತಾಗಲಿ ಎಂಬುದು ಉದ್ದೇಶ.

ಡಿಬಿಯಲ್ಲಿ ತೋಟಕ್ಕೆಂದೇ ಬೇರೆ 30 ಮಿಲಿ ಆಂಪಿಯರಿನ ಆರ್‌ಸಿಬಿಒ ಹಾಕಿಸಿದ್ದು ನಾನು ಎಲ್ಲರಿಗೂ ಒತ್ತಾಯದಿಂದ ಹೇಳುವ ಬದಲಾವಣೆ. ಎಂಸಿಬಿ ಮತ್ತು ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಈ ಸಾಧನವನ್ನು ಡಬಲ್ ಪೋಲಿನದ್ದನ್ನೇ ಕೇಳಿ ತರಬೇಕು. ಅದು ಫೇಸಿನೊಂದಿಗೆ ನ್ಯೂಟ್ರಲನ್ನೂ ಕಡಿಯುವುದರಿಂದ ತೋಟದ ದೋಷ ತೋಟದಲ್ಲೇ ನಿಲ್ಲುತ್ತದೆ, ಫ್ರಿಜ್ಜು ನಡೆಯುತ್ತಿರುತ್ತದೆ, ಆರ್‌ಸಿಸಿಬಿಯನ್ನು ಬದಿಗಿಡುವ ಆಸೆಯೂ ಹುಟ್ಟುವುದಿಲ್ಲ. ಅದನ್ನು ಮನೆಯ ಆರ್‌ಸಿಸಿಬಿಯ ಕೆಳಗೆ ಹಾಕದೆ ಅದರ ಪಕ್ಕದಲ್ಲಿ, ಮೇನ್ ಸ್ವಿಚ್ಚಿನಿಂದ ನೇರವಾಗಿ ತೆಗೆದುಕೊಳ್ಳಬೇಕು. ಕೆಳಗೆ ಹಾಕಿದರೆ ಸೋರಿಕೆಯಾದಾಗ ಎರಡೂ ಒಟ್ಟಿಗೆ ಬೀಳಬಹುದು. ಎಲ್‌ಇಡಿ ಡ್ರೈವರುಗಳ ಸೋರಿಕೆ ಶುದ್ಧ ಎಸಿಯಾಗಿರಬೇಕೆಂದಿಲ್ಲವಾದ್ದರಿಂದ ಶುದ್ಧ ಎಸಿ ಸೋರಿಕೆಯನ್ನು ಮಾತ್ರ ಗುರುತಿಸುವ ಎಸಿ ಟೈಪಿಗಿಂತ ಎ ಟೈಪ್ ಮೇಲು. ತೋಟದ ಲೈನನ್ನು ಇನ್ವರ್ಟರಿನಿಂದ ತೆಗೆದುಬಿಟ್ಟೆವು: ಇನ್ವರ್ಟರಿಗೆ ಕರೆಂಟು ಬರುವ ಕಡೆಯ ಆರ್‌ಸಿಸಿಬಿ ಬಿದ್ದರೂ ಇನ್ವರ್ಟರ್ ತನ್ನ ಲೈನಿಗೆ ಕರೆಂಟು ಕೊಡುವುದನ್ನು ನಿಲ್ಲಿಸುವುದಿಲ್ಲ. ಕತ್ತಲಲ್ಲಿ ದಾರಿ ಕಾಣಲು ಬೇಕಾದ ಎರಡು ಗಿಡ್ಡ ದೀಪಗಳನ್ನು 12 ವೋಲ್ಟಿಗೆ ಬದಲಿಸಿ, ಅದರ ಟ್ರಾನ್ಸ್‌ಫಾರ್ಮರನ್ನು ಜಗಲಿಯೊಳಗೆ ಇಟ್ಟಿದ್ದೇವೆ. ಹೊರಗಿನ ಸಾಕೆಟ್ಟಿನ ಐಪಿ ದರ್ಜೆ ಮುಚ್ಚಳ ಹಾಕಿರುವಾಗಿನದು; ಪ್ಲಗ್ ಚುಚ್ಚಿದಾಗ ಮುಚ್ಚಳ ತೆರೆದೇ ಇರುವ ಮಾದರಿಯಾದರೆ ಹುಲ್ಲು ಕತ್ತರಿಸುವ ಯಂತ್ರದ ಪ್ಲಗ್ಗನ್ನು ಕೆಲಸ ಮುಗಿದ ಕೂಡಲೇ ಕೀಳಬೇಕು.

ಎಲ್ಲ ಮುಚ್ಚಿದ ಮೇಲೆ, ಕರೆಂಟು ಆರಿಸಿಯೇ, ಹೂವಿನ ಗಿಡಕ್ಕೆ ನೀರು ಹಾಕುವ ಪೈಪಿನಿಂದ ಪ್ರತಿ ಬಾಕ್ಸಿಗೂ ದೀಪಕ್ಕೂ ಹತ್ತು ನಿಮಿಷ ನೀರು ಹೊಡೆದು, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಮೆಗ್ಗರ್ ಹಾಕಿದೆವು. 150 ಮೆಗಾಓಮ್ ಬಂತು. ಆ ಅಂಕಿಯನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಡಿಬಿಯ ಬಾಗಿಲಿನ ಒಳಮುಖಕ್ಕೆ ಅಂಟಿಸಿದ್ದೇವೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ, ಶ್ರಾವಣದಲ್ಲಿ ಒಮ್ಮೆ ಅಳೆದು ಅದರ ಕೆಳಗೆ ಸೇರಿಸುತ್ತೇವೆ. 10ಕ್ಕಿಂತ ಕೆಳಗೆ ಇಳಿದ ದಿನ, ಟ್ರಿಪ್ ಆಗುವವರೆಗೆ ಕಾಯದೆ, ಗೇಟಿನ ಬಾಕ್ಸಿನಿಂದಲೇ ಹುಡುಕಲು ತೊಡಗುವುದೆಂದು ಗೊತ್ತುಮಾಡಿಕೊಂಡಿದ್ದೇವೆ.